ನೆಲಕ್ಕೆ ಬಿದ್ದ ಅರಳೆ

ನನಗೆ ಬಾಯಿ ಜಾಸ್ತಿ ಎಂದು ಕೊಟ್ಟೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅವ್ವ ಹೇಳುತ್ತಿದ್ದಳು, ಅಪ್ಪ ಹೇಳುತ್ತಿದ್ದ, ನಳದ ಹತ್ತಿರ ಕೊಡ ಹಿಡಿದು ನಿಂತವರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಕೇಳಿದ್ದು ನನ್ನ ಹೊಟ್ಟೆಯಲ್ಲಿ ಒಂದು ಹೊತ್ತು ನಿಲ್ಲುತ್ತಿರಲಿಲ್ಲ. ಇಡೀ ಜೀವಮಾನದಲ್ಲಿ ಒಂದೇ ಒಂದು ಮಾತನ್ನು ಐದು ವರ್ಷ ಒಳಗೆ ಇಟ್ಟುಕೊಂಡೆ. ಅದನ್ನೇ ಇಟ್ಟುಕೊಳ್ಳಬಾರದಿತ್ತು.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು ಮಾಡುವ ಜನ. ಮಸೀದಿಗೆ ನಡೆದುಕೊಳ್ಳುವ ಮನೆ, ಮಾತು ಮಾತ್ರ ಕನ್ನಡ. ಅಪ್ಪ ದೊಡ್ಡ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು, ಮರದ ಕೊಡತಿಯನ್ನು ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆ ಹೊರಟುಬಿಡುತ್ತಿದ್ದ. ಒಂದು ದಿನ ಕೂಡ್ಲಿಗಿ, ಒಂದು ದಿನ ಹೊಸಹಳ್ಳಿ, ಮದುವೆಯ ಕಾಲದಲ್ಲಿ ಹರಪನಹಳ್ಳಿಯವರೆಗೂ. ಗಿರಾಕಿಗಳ ಅಂಗಳದಲ್ಲೇ ಕೂತು ಅವರ ಹಳೆಯ ಗಾದಿಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಬಿಲ್ಲಿನ ತಂತಿಯ ಮೇಲೆ ಹಾಕಿ ಕೊಡತಿಯಿಂದ ಬಾರಿಸುತ್ತಿದ್ದ. ಕಪ್ಪಗೆ, ಕಲ್ಲಿನಂತಿದ್ದ ಅರಳೆ ಬಿಳಿಯಾಗಿ ಉಬ್ಬುತ್ತಿತ್ತು. ಹತ್ತು ವರ್ಷದ ಧೂಳು ಎದ್ದು ಅಪ್ಪನ ಹುಬ್ಬು, ಮೀಸೆಗಳ ಮೇಲೆ ಕೂರುತ್ತಿತ್ತು.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇತ್ತು. ಮೇಲೆ ಉಬ್ಬಿದ ಅರಳೆ ಗಿರಾಕಿಯದು, ಬಿಲ್ಲಿನ ಕೆಳಗೆ ನೆಲಕ್ಕೆ ಬಿದ್ದದ್ದು ಹಿಂಜಿದವನದು. ಬೀಳುತ್ತಿದ್ದದ್ದು ತುಂಡು ಎಳೆ, ಪುಡಿ, ಧೂಳು. ಬೇರೆಯವರಾದರೆ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದರು. ಅಪ್ಪ ಮಾತ್ರ ಅದರಲ್ಲಿ ಒಂದು ಚಿಟಿಕೆಯನ್ನೂ ಬಿಡದೆ ಚೀಲಕ್ಕೆ ತುಂಬಿ ಮನೆಗೆ ತರುತ್ತಿದ್ದ. ನಮ್ಮ ಮನೆಯ ಹಾಸಿಗೆ, ದಿಂಬು ಎಲ್ಲವೂ ಅದರವೇ. ಊರಿಗೆಲ್ಲ ಒಳ್ಳೆಯ ಗಾದಿ ಮಾಡಿಕೊಡುವವನ ಮನೆಯಲ್ಲಿ ನೆಲಕ್ಕೆ ಬಿದ್ದ ಅರಳೆಯ ಹಾಸಿಗೆ. ಅದರಲ್ಲಿ ನಮಗೆ ನಾಚಿಕೆ ಇರಲಿಲ್ಲ, ಕೊಂಚ ಜಂಬವೇ ಇತ್ತು ಎನ್ನಬೇಕು.

ಅಪ್ಪನ ಅಂಗೈಗೆ ಒಂದು ವಿದ್ಯೆ ಇತ್ತು. ಹಳೆಯ ಗಾದಿಯನ್ನು ಬಿಚ್ಚುವ ಮೊದಲು ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತಿಕೊಂಡು ಹೋಗುತ್ತಿದ್ದ. ಎಲ್ಲಿ ಅರಳೆ ಕೂತಿದೆ, ಎಲ್ಲಿ ಎದ್ದಿದೆ ಎಂದು ನೋಡಿ, ಇದರ ಮೇಲೆ ಮಲಗುವವರಿಗೆ ಎಡ ಸೊಂಟ ನೋವಿದೆ, ಇದು ಮೊಣಕಾಲು ಮಡಚಿ ಮಲಗುವವರದು ಎಂದು ಹೇಳಿಬಿಡುತ್ತಿದ್ದ. ಕೇಳಿದವರು ನಗುತ್ತಿದ್ದರು. ಒಮ್ಮೆ ಕೂಡ್ಲಿಗಿಯ ಒಂದು ಮನೆಯಲ್ಲಿ ಹೊಸ ಗಂಡಹೆಂಡಿರ ಗಾದಿಯನ್ನು ಒತ್ತಿ ನೋಡಿ, “ಇಬ್ಬರ ಗಾದಿ, ಒಬ್ಬರಷ್ಟ ಮಲಗ್ಯಾರ ನೋಡ್ರಿ” ಎಂದನಂತೆ ತಮಾಷೆಗೆ. ಆ ಮನೆಯ ಸೊಸೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮನೆಗೆ ಬಂದು ಅದನ್ನೇ ನಗುತ್ತ ಹೇಳಿದ. ಅವ್ವ ನಗಲಿಲ್ಲ.

“ಕೈಗೆ ಗೊತ್ತಾಗಿದ್ದೆಲ್ಲ ಬಾಯಿಗೆ ತರಬಾರದು ನೋಡ್ರಿ” ಎಂದಳು.

ಅಪ್ಪ ಅಂದಿನಿಂದ ಆ ಆಟ ಬಿಟ್ಟ. ಅವ್ವ ಹೇಳಿದರೆ ಕೇಳುತ್ತಿದ್ದ. ಹಾಗೆಂದು ಹೆಂಡತಿಗೆ ಹೆದರುವವನಲ್ಲ, ದಿನ ಬೆಳಗಾದರೆ ಇಬ್ಬರಿಗೂ ಮಾತಿಗೆ ಮಾತು. ಅವಳ ಅಡುಗೆಯನ್ನು ಅವನು ಆಡಿಕೊಳ್ಳಬೇಕು, ಅವನ ಮೀಸೆಯ ಮೇಲಿನ ಧೂಳನ್ನು ಇವಳು ಆಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಬಾಯಿ ನನಗೊಬ್ಬಳಿಗೇ ಬಂದದ್ದಲ್ಲ.

ಅವ್ವನಿಗೆ ಸಣ್ಣಂದಿನಿಂದ ದಮ್ಮು. ಮೋಡ ಕವಿದರೆ, ಒಲೆಯ ಹೊಗೆ ಸುತ್ತಿಕೊಂಡರೆ ಎದೆ ಗೊರಗೊರ ಎನ್ನುತ್ತಿತ್ತು. ಮೊಣಕಾಲ ಮೇಲೆ ಮೊಣಕೈ ಊರಿ ಕೂತು, ಕೊಟ್ಟೂರಿನ ದವಾಖಾನೆಯಲ್ಲಿ ಕೊಟ್ಟ ಬಿಳಿ ಗುಳಿಗೆ ನುಂಗುತ್ತಿದ್ದಳು. ಒಂದೆರಡು ತಾಸಿಗೆ ಉಸಿರು ಹಾದಿಗೆ ಬರುತ್ತಿತ್ತು. ಅದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೆವು.

ನಾನು ಹತ್ತನೇ ತರಗತಿ ಮುಗಿಸಿ ಮನೆಯಲ್ಲಿದ್ದ ವರ್ಷ, ಎಪ್ಪತ್ತರ ದಶಕದ ಕೊನೆಯಲ್ಲಿ, ಚಳಿಗಾಲಕ್ಕೆ ಓಣಿಗೆಲ್ಲ ನೆಗಡಿ ಜ್ವರ ಬಂತು. ಮೂರು ನಾಲ್ಕು ದಿನ ಮೈಕೈ ನೋವು, ಮೂಗು ಸೋರುವುದು, ಆಮೇಲೆ ಸರಿ. ನನಗೂ ಬಂದು ಹೋಯಿತು, ಅಪ್ಪನಿಗೂ ಬಂದು ಹೋಯಿತು. ಅವ್ವನ ಜ್ವರವೂ ನಾಲ್ಕನೇ ದಿನಕ್ಕೆ ಬಿಟ್ಟಿತು. ಕೆಮ್ಮು ಬಿಡಲಿಲ್ಲ.

ಒಣ ಕೆಮ್ಮು. ಮಾತಾಡಿದರೆ ಬರುವುದು, ನಕ್ಕರೆ ಬರುವುದು, ಒಗ್ಗರಣೆಯ ವಾಸನೆಗೆ ಬರುವುದು, ತಣ್ಣೀರು ಗಂಟಲಿಗೆ ತಾಗಿದರೆ ಬರುವುದು. ಒಮ್ಮೆ ಶುರುವಾದರೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಹಣೆ ಕೊಡುತ್ತಿದ್ದಳು. ಪಕ್ಕೆಲುಬು ನೋಯುತ್ತಿದ್ದವು. ಕೆಮ್ಮಿ ಕೆಮ್ಮಿ ಸೀರೆ ಒದ್ದೆಯಾಗುತ್ತಿತ್ತು, ಯಾರಿಗೂ ತಿಳಿಯದ ಹಾಗೆ ಹಿತ್ತಲಿಗೆ ಹೋಗಿ ಬದಲಿಸಿ ಬರುತ್ತಿದ್ದಳು. ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ಒಗೆಯುವವಳು ನಾನೇ. ಪಕ್ಕದ ಮನೆಯವರು ಅವಳಿಗೆ ಚಹಾ ಕೊಡುವ ಲೋಟವನ್ನು ಬೇರೆ ಇಡತೊಡಗಿದರು. ಟೀಬಿ ಇರಬೇಕು ಎಂಬ ಮಾತು ನಳದ ಹತ್ತಿರ ನನ್ನ ಕಿವಿಗೆ ಬಿತ್ತು. ಕೊಡ ಅಲ್ಲೇ ಇಟ್ಟು ಜಗಳವಾಡಿ ಬಂದೆ.

ಮೊದಲ ತಪ್ಪು ಮಾಡಿದವರು ನಾವೆಲ್ಲ ಕೂಡಿ. ಎದೆಯಲ್ಲಿ ಗೊರಗೊರ ಇಲ್ಲ, ಹಾಗಾಗಿ ಇದು ದಮ್ಮಲ್ಲ ಎಂದು ತೀರ್ಮಾನಿಸಿದೆವು. ದಮ್ಮಲ್ಲದ ಮೇಲೆ ದಮ್ಮಿನ ಗುಳಿಗೆ ಯಾಕೆ? ಬಿಳಿ ಗುಳಿಗೆ ನಿಲ್ಲಿಸಿ ಅಂಗಡಿಯಿಂದ ಕೆಮ್ಮಿನ ಕೆಂಪು ಔಷಧಿ ತಂದೆವು. ಅದನ್ನು ಕುಡಿದು ಅವ್ವ ತೂಕಡಿಸುತ್ತಿದ್ದಳು, ತೂಕಡಿಸುತ್ತಲೇ ಕೆಮ್ಮುತ್ತಿದ್ದಳು.

ಎರಡನೆಯ ತಪ್ಪು ಪ್ರೀತಿಯಿಂದ ಆದದ್ದು. ಮಲಗಿದರೆ ಕೆಮ್ಮು ಹೆಚ್ಚು, ಕೂತರೆ ಕೊಂಚ ಕಡಿಮೆ ಎಂಬುದನ್ನು ಅಪ್ಪ ಗಮನಿಸಿದ. ಅವನ ಕೈಯಲ್ಲಿದ್ದ ಮದ್ದು ಒಂದೇ. ತಂದಿಟ್ಟಿದ್ದ ಚೀಲಗಳನ್ನೆಲ್ಲ ಬಿಚ್ಚಿ, ನೆಲದ ಅರಳೆಯನ್ನು ಮತ್ತೊಮ್ಮೆ ಹಿಂಜಿ, ಅವ್ವ ಒರಗಿಕೊಳ್ಳಲು ಒಂದು ಲೋಡು ಮಾಡಿದ. ನೀಲಿ ಪಟ್ಟಿಯ ಬಟ್ಟೆಯಲ್ಲಿ ನಾನು ಚೀಲ ಹೊಲಿದೆ, ತುಂಬಿದ ಮೇಲೆ ಬಾಯನ್ನು ದಬ್ಬಣದಿಂದ ಹೊಲಿದವಳೂ ನಾನೇ.

“ತಹಶೀಲ್ದಾರ್ರ ಗಾದಿ, ಸಾಹುಕಾರ್ರ ಗಾದಿ, ಹೈಸ್ಕೂಲ್ ಮಾಸ್ತರ ಗಾದಿ, ಎಲ್ಲಾ ನಿನ್ನ ತಲಿ ಕೆಳಗ ಅದಾವು. ರಾಣಿ ಆದಿ ನೀನು” ಎಂದ ಅಪ್ಪ.

“ರಾಣಿಗೆ ಒಂದ್ ಗುಟುಕು ಬಿಸಿನೀರು ಕೊಡ್ರಿ ಮೊದ್ಲು” ಎಂದಳು ಅವ್ವ, ಕೆಮ್ಮಿನ ನಡುವೆ.

ಒಂದು ವಾರವಾದರೂ ಕೆಮ್ಮು ತಗ್ಗಲಿಲ್ಲ. ಎತ್ತರ ಸಾಲದು ಎಂದು ಅಪ್ಪ ಎರಡನೆಯ ಲೋಡು ಮಾಡಿದ. ಕೆಮ್ಮು ಹೆಚ್ಚಾಯಿತು. ಮೂರನೆಯದು ಮಾಡಿದ. ಅವ್ವ ಮಂಚದ ಮೇಲೆ ಮೂರು ಲೋಡಿನ ನಡುವೆ ಮುಖ ಹುದುಗಿಸಿ ಕೂತಿರುತ್ತಿದ್ದಳು. ಓಣಿಯ ಹೆಂಗಸರು ಬಂದು ನೋಡಿ, ಗಂಡ ಎಂದರೆ ಹೀಗಿರಬೇಕು ಎಂದು ಹೋಗುತ್ತಿದ್ದರು. ಎರಡು ತಿಂಗಳು ಹೀಗೇ ಕಳೆಯಿತು. ಕೆನ್ನೆಯ ಎಲುಬು ಎದ್ದು ಕಾಣತೊಡಗಿತು. ಒಂದು ಮಾತು ಪೂರ್ತಿ ಮಾಡಲು ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಇವಳು ಉಳಿಯುವುದಿಲ್ಲವೇನೋ ಎಂಬ ಹೆದರಿಕೆ ನನ್ನೊಳಗೆ ಹೊಕ್ಕಿತು.

ಗಾಳಿ ಬದಲಾದರೆ ನೆಟ್ಟಗಾಗಬಹುದು ಎಂದು ಹಡಗಲಿಯ ಹತ್ತಿರ ಹೊಳೆದಂಡೆಯ ಮಾಗಳಕ್ಕೆ, ಅವ್ವನ ತಂಗಿಯ ಮನೆಗೆ ಕಳಿಸಿದೆವು. ಚಿಗವ್ವನ ಮನೆಯಲ್ಲಿ ಗಾದಿಯೂ ಇರಲಿಲ್ಲ, ಲೋಡೂ ಇರಲಿಲ್ಲ. ಚಾಪೆ ಹಾಸಿ, ಒಗೆದ ಸೀರೆ ಮಡಚಿ ತಲೆಗೆ ಕೊಟ್ಟಿದ್ದಳು. ಹನ್ನೆರಡು ದಿನ ಬಿಟ್ಟು ಕರೆತರಲು ಹೋದಾಗ ಅವ್ವ ಅಂಗಳದಲ್ಲಿ ಕೂತು ಏನಕ್ಕೋ ನಗುತ್ತಿದ್ದಳು. ನಗು ಮುಗಿಯಿತು, ಕೆಮ್ಮು ಬರಲಿಲ್ಲ. ನಾನು ನಿಂತಲ್ಲೇ ಅತ್ತುಬಿಟ್ಟೆ.

“ಗಾದಿ ಮಾಡೋರ ಮನಿಯಾಕಿ ನಮ್ಮನ್ಯಾಗ ಚಾಪಿ ಮ್ಯಾಲೆ ಮಕ್ಕಂಡ್ಲವ್ವ, ನಂಗ ನಾಚಿಕಿ” ಎಂದಳು ಚಿಗವ್ವ. ಹೊಳೆಯ ಗಾಳಿಗೆ ವಾಸಿಯಾಯಿತು ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಹಡಗಲಿಯಲ್ಲಿ ಬಸ್ಸು ಬದಲಿಸುವಾಗ ಒಂದು ಮೊಳ ಮಲ್ಲಿಗೆ ಕೊಂಡು ಅವಳ ಮುಡಿಗಿಟ್ಟೆ. ಕೊಟ್ಟೂರಿನವರೆಗೂ ಕಿಟಕಿಯ ಪಕ್ಕದಲ್ಲಿ ಕೆಮ್ಮದೆ ಕೂತು ಬಂದಳು.

ಮನೆಯಲ್ಲಿ ಅಪ್ಪ ನಾಲ್ಕನೆಯ ಲೋಡು ಮಾಡಿಟ್ಟಿದ್ದ, ಹೆಂಡತಿ ಗುಣವಾಗಿ ಬಂದ ಸಂತೋಷಕ್ಕೆ. ಮೂರನೆಯ ದಿನ ಕೆಮ್ಮು ಶುರುವಾಯಿತು. ಐದನೆಯ ದಿನಕ್ಕೆ ಗೊರಗೊರವೂ ಬಂತು. ಅಪ್ಪ ಹರಪನಹಳ್ಳಿಯಲ್ಲಿ ಮದುವೆಮನೆಯ ಕೆಲಸ ಹಿಡಿದಿದ್ದ. ನಾನೇ ಅವ್ವನನ್ನು ಬಸ್ಸಿಗೆ ಹತ್ತಿಸಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆ. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು.

ಅವರು ಮೊದಲು ನರಕ್ಕೆ ಇಂಜೆಕ್ಷನ್ ಕೊಟ್ಟು ಉಸಿರನ್ನು ಸಮಕ್ಕೆ ತಂದರು. ಎದೆಯ ಫೋಟೋ ತೆಗೆಸಿ ನೋಡಿ, ಟೀಬಿ ಅಲ್ಲ ಎಂದರು. ಬೆನ್ನಿಗೆ ಕೊಳವೆ ಇಟ್ಟು ಕೇಳುತ್ತಿದ್ದವರು ಅವ್ವನ ಕಿವಿಯ ಹಿಂದಿನಿಂದ ಏನನ್ನೋ ಎರಡು ಬೆರಳಲ್ಲಿ ಹಿಡಿದು ತೆಗೆದರು. ಅರಳೆಯ ಒಂದು ಎಳೆ.

“ತಲಿ ಕೆಳಗ ಏನ್ ಇಟ್ಕಂತೀರವ್ವ?”

ನಾನು ಬಾಯಿಬಡುಕಿ. ಅಪ್ಪನನ್ನು ಹೊಗಳಲು ಒಂದು ಅವಕಾಶ ಸಿಕ್ಕಿತೆಂದು ನಾಲ್ಕು ಲೋಡಿನ ಕಥೆಯನ್ನೆಲ್ಲ ಹೇಳಿದೆ. ಯಾವ್ಯಾವ ಊರಿನ ಅರಳೆ, ಹೇಗೆ ನೆಲದಿಂದ ಬಳಿದು ತರುತ್ತಾನೆ, ಹೇಗೆ ತುಂಬುತ್ತಾನೆ, ನಾನು ಹೇಗೆ ಹೊಲಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೆಮ್ಮು ಬ್ಯಾರೆ, ದಮ್ಮು ಬ್ಯಾರೆ ಅಂತ ಯಾರ್ ಹೇಳಿದ್ರು ನಿಮಗ? ಜ್ವರ ಹೋತು ಖರೆ, ಉಸಿರಿನ ಹಾದಿ ಒಳಗ ಇನ್ನಾ ಹಸಿ ಗಾಯ ಇದ್ದಂಗೈತಿ. ದಮ್ಮಿದ್ದೋರಿಗೆ ಅದು ಮಾಯಾಕ ವಾರಗಟ್ಟಲೆ ಬೇಕು. ಆ ಗಾಯದ ಮ್ಯಾಲೆ ನೀವು ದಿನಾ ಊರ ಧೂಳೆಲ್ಲ ಹಾಕೀರಿ.”

ಅವರು ಬಿಡಿಸಿ ಹೇಳಿದರು. ಕೊಂಚ ಗುಣವಾಯಿತೆಂದು ದಮ್ಮಿನ ಗುಳಿಗೆಯನ್ನು ನಡುವೆ ಬಿಡಬಾರದು, ನಿಲ್ಲಿಸುವಾಗ ಅವರನ್ನೇ ಕೇಳಬೇಕು. ಕೆಂಪು ಔಷಧಿ ಬೇಡ. ಒಲೆಯ ಮುಂದೆ ಕೂರುವುದು ಬೇಡ. ಲೋಡು, ಗಾದಿ ಮನೆಯಿಂದ ಹೊರಗೆ ಹೋಗಬೇಕು, ಕೆಲಸದಿಂದ ಬಂದವರು ಮೈ ತೊಳೆದು ಬಟ್ಟೆ ಬದಲಿಸದೆ ಒಳಗೆ ಬರಬಾರದು. ಒಂದೇ ಉಸಿರಿಗೆ ಒಂದು ಮಾತು ಮುಗಿಸಲಾಗದಿದ್ದರೆ, ತುಟಿ ನೀಲಿಯಾದರೆ, ನಾಳೆ ನೋಡೋಣ ಎನ್ನದೆ ತಕ್ಷಣ ಕರೆತರಬೇಕು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವ್ವ ನನ್ನ ಕೈ ಹಿಡಿದಳು.

“ನಿಮ್ಮಪ್ಪಗ ಹೇಳಬ್ಯಾಡ.”

“ಹೇಳದ ಹೆಂಗ? ಲೋಡು ಹೊರಗ ಒಗೀಬೇಕಲ್ಲ.”

“ಏನಂತ ಹೇಳಿ ಒಗೀತಿ? ನೀ ಮಾಡಿಕೊಟ್ಟಿದ್ದರಿಂದನ ಆಕಿ ಸಾಯಾಕ ಬಿದ್ದಿದ್ಲು ಅಂತನ? ನಾಳಿಂದ ಕೊಡತಿ ಹಿಡಿಯಾಕ ಕೈ ಏಳ್ತಾವನ ಅವರಿಗೆ? ಅವರಿಗೆ ಬರೋದು ಅದೊಂದ ಕೆಲಸ.” ಇಷ್ಟು ಹೇಳಲು ಮೂರು ಸಲ ನಿಂತಳು. “ನಾ ಹೆಂಗರ ಮಾಡ್ತೀನಿ. ನನ್ನ ಮ್ಯಾಲೆ ಆಣಿ ಐತಿ ನೋಡು.”

ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡಳು. ಮುಡಿಯಲ್ಲಿ ಇನ್ನೂ ಒಂದೆರಡು ಅರಳೆ ಎಳೆ ಇದ್ದವು. ಆಣೆ ಮಾಡಿದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ನಾಟಕ ಶುರುವಾಯಿತು. ಅಪ್ಪ ವರ್ಷವಿಡೀ ಹೊರಗೆ ಕಟ್ಟೆಯ ಮೇಲೆ ಮಲಗುವವನು, ಹಾಗಾಗಿ ಕಷ್ಟವಾಗಲಿಲ್ಲ. ನಾಲ್ಕು ಲೋಡುಗಳನ್ನು ಮಂಚದ ಮೇಲೆ ಚೆಂದಕ್ಕೆ ಜೋಡಿಸಿಟ್ಟು, ಮೇಲೆ ದಪ್ಪ ದುಪ್ಪಟಿ ಹೊದಿಸಿದೆ. ಅವ್ವ ಒಳಗಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು, ಕಬ್ಬಿಣದ ಟ್ರಂಕಿನ ಮೇಲೆ ಒಗೆದ ಸೀರೆಗಳನ್ನು ಮಡಚಿಟ್ಟು ಒರಗುತ್ತಿದ್ದಳು. ಸಂಜೆ ಓಣಿಯ ತಿರುವಿನಲ್ಲಿ ಅಪ್ಪನ ಬಿಲ್ಲು ಗೋಡೆಗೆ ತಾಗಿ ತಂತಿ ಟೊಂಯ್ ಎನ್ನುತ್ತಿತ್ತು. ಅದು ಕೇಳಿದ ಕೂಡಲೇ ಮಂಚಕ್ಕೆ ಬಂದು ಲೋಡಿನ ಮುಂದೆ ಕೂತುಬಿಡುವಳು. ಒರಗಿದಂತೆ ಕಾಣಬೇಕು, ಬೆನ್ನು ತಾಗಬಾರದು. ಹಾಗೆ ಅರ್ಧ ತಾಸು ನೆಟ್ಟಗೆ ಕೂತು ಅವನ ಊರಸುದ್ದಿ ಕೇಳುತ್ತಿದ್ದಳು.

“ಮೈ ತೊಳಕೊಂಡು ಬರ್ರಿ ಒಳಗ” ಎಂದು ಬಾಗಿಲಲ್ಲೇ ಹೇಳುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಇದೇನು ಹೊಸದು ಎಂದು ಅಪ್ಪ ಕೇಳಿದಾಗ, “ಮನಿ ಹೊಲಸಾಗ್ತೈತಿ” ಎಂದಳು. ಅಪ್ಪ ನಕ್ಕು ಹಿತ್ತಲಿಗೆ ಹೋದ.

ಗುಳಿಗೆ ತಪ್ಪಿಸಲಿಲ್ಲ. ಒಲೆ ನಾನು ನೋಡಿಕೊಂಡೆ. ಕೆಮ್ಮು ಒಂದೇ ಸಲಕ್ಕೆ ಹೋಗಲಿಲ್ಲ. ಹತ್ತು ಸಲ ಬರುತ್ತಿದ್ದದ್ದು ಆರು ಸಲವಾಯಿತು, ಆಮೇಲೆ ಬೆಳಗಿನ ಹೊತ್ತು ಮಾತ್ರ. ಬಿಸಿಲು ಬಲಿಯುವ ಹೊತ್ತಿಗೆ ಒಂದು ದಿನ ನಾನು ಲೆಕ್ಕವಿಡಲು ಮರೆತೆ, ಮರೆತದ್ದು ಮೂರು ದಿನದ ಮೇಲೆ ನೆನಪಾಯಿತು. ಅವ್ವ ಉಳಿದಳು. ನಾವಿಬ್ಬರೂ ಜಾಣೆಯರು ಎಂದುಕೊಂಡೆವು.

ಆ ಬೇಸಿಗೆಯಲ್ಲಿ ಅಪ್ಪ ಲೋಡುಗಳನ್ನು ಹಿತ್ತಲಲ್ಲಿ ಬಿಸಿಲಿಗೆ ಹಾಕಿ, ಒಂದೊಂದನ್ನೂ ತಿರುವಿ, ತಂದು ಮತ್ತೆ ಮಂಚದ ಮೇಲಿಟ್ಟ. ಪ್ರತಿ ಬೇಸಿಗೆಯಲ್ಲೂ ಹಾಗೇ ಮಾಡುತ್ತಿದ್ದ. ಅವನ ಮಾತು ಕಡಿಮೆಯಾದದ್ದು ಯಾವಾಗಿನಿಂದ ಎಂದು ಕೇಳಿದರೆ ಆ ಮೊದಲ ಬೇಸಿಗೆಯಿಂದಲೇ ಎಂದು ಈಗ ಹೇಳಬಲ್ಲೆ. ಆಗ ಗೊತ್ತಾಗಲಿಲ್ಲ. ಊರಸುದ್ದಿ ನಿಂತಿತು. ಅಡುಗೆಯನ್ನು ಆಡಿಕೊಳ್ಳುವುದು ನಿಂತಿತು. ಮೈ ತೊಳೆದು ಬಂದು, ಊಟ ಮಾಡಿ, ಕಟ್ಟೆಗೆ ಹೋಗುತ್ತಿದ್ದ. ವಯಸ್ಸಾಯಿತು ಎಂದುಕೊಂಡೆ. ಅವ್ವನೂ ಒಂದೆರಡು ಸಲ ಕೆಣಕಿ ನೋಡಿ ಸುಮ್ಮನಾದಳು. ನನಗೆ ಹೊಸಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿ ಅಲ್ಲೇ ಕೋಣೆ ಮಾಡಿದ ಮೇಲಂತೂ ಆ ಮನೆಯಲ್ಲಿ ಇಬ್ಬರು ಇದ್ದರು, ಮಾತು ಇರಲಿಲ್ಲ. ಭಾನುವಾರ ಹೋದಾಗ ಇಬ್ಬರ ಪಾಲಿನದನ್ನೂ ನಾನೇ ಮಾತಾಡಿ ಬರುತ್ತಿದ್ದೆ.

ಅದಾಗಿ ಐದನೆಯ ಚಳಿಗಾಲಕ್ಕೆ ಅಂಥದೇ ನೆಗಡಿ ಜ್ವರ ಮತ್ತೆ ಬಂತು. ಈ ಸಲ ಅವ್ವ ಎರಡನೆಯ ದಿನವೇ ಸೋತಳು. ತುಟಿ ನೀಲಿಯಾದದ್ದನ್ನು ಅಪ್ಪ ನೋಡಿದ್ದಾನೆ, ಚಳಿಗೆ ಎಂದುಕೊಂಡಿದ್ದಾನೆ. ತುಟಿಯ ಮಾತನ್ನು ಡಾಕ್ಟರು ಹೇಳಿದ್ದು ನನಗೆ, ನಾನು ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಅದನ್ನು ಹೇಳುವವರು ಯಾರೂ ಇಲ್ಲ. ಶಾಲೆಗೆ ಸುದ್ದಿ ಬಂದಾಗ ಹಗಲು ಹನ್ನೊಂದು ಗಂಟೆ. ನಾನು ಬಸ್ಸಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಲವತ್ತು ದಿನ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಕೂತು ನಾಲ್ಕು ಲೋಡುಗಳ ಹೊಲಿಗೆ ಬಿಚ್ಚುತ್ತಿದ್ದ. ಮೂರನ್ನು ಬಿಚ್ಚಿಯಾಗಿತ್ತು. ನಾಲ್ಕನೆಯದನ್ನು ಮುಂದಿಟ್ಟುಕೊಂಡು ನನ್ನನ್ನು ಕರೆದ.

“ಇದನ್ನ ಒತ್ತಿ ನೋಡು.”

ಒತ್ತಿದೆ. ಗಟ್ಟಿಯಾಗಿತ್ತು, ಸಮನಾಗಿತ್ತು.

“ಒರಗಿದ್ದ ಲೋಡಿಗೆ ತಗ್ಗು ಬೀಳತೈತಿ. ಇದಕ್ಕ ಐದು ವರ್ಷದಾಗ ಬಿದ್ದಿಲ್ಲ. ಉಳಿದ ಮೂರಕ್ಕ ಮೊದಲ ಬಿದ್ದಿದ್ದ ತಗ್ಗೂ ಎದ್ದು ಬಂದಿತ್ತು. ಪ್ರತಿ ಬ್ಯಾಸಿಗಿಗೆ ನೋಡ್ತಿದ್ದೆ.” ತಲೆ ಎತ್ತದೆಯೇ ಕೇಳಿದ, “ನನ್ನ ಮ್ಯಾಲೆ ಏನ್ ಸಿಟ್ಟಿತ್ತವ್ವ ಆಕಿಗೆ?”

“ನೀ ಯಾಕ ಕೇಳ್ಲಿಲ್ಲಪ್ಪ ಆಕೀನ?”

“ಕೈಗೆ ಗೊತ್ತಾಗಿದ್ದು ಬಾಯಿಗೆ ತರಬ್ಯಾಡ್ರಿ ಅಂದಿದ್ಲಲ್ಲ.”

ಆಣೆ ಯಾರ ಮೇಲೆ ಮಾಡಿದ್ದೆನೋ ಅವಳೇ ಇರಲಿಲ್ಲ. ಹೇಳಿಬಿಟ್ಟೆ. ಹಗರಿಬೊಮ್ಮನಹಳ್ಳಿಯ ಡಾಕ್ಟರು, ಕಿವಿಯ ಹಿಂದಿನ ಎಳೆ, ಕಲ್ಲುಬೆಂಚು, ಟ್ರಂಕು, ಬಿಲ್ಲಿನ ತಂತಿಯ ಸದ್ದು. ತುಟಿಯ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಅಪ್ಪ ಅರಳೆಯನ್ನು ಬೆರಳಲ್ಲಿ ಹಿಂಜುತ್ತ ಕೇಳಿದ.

“ಹಂಗಾದ್ರ ಸಿಟ್ಟಲ್ಲ.”

“ಸಿಟ್ಟಲ್ಲಪ್ಪ.”

“ಮೈ ತೊಳಕೊಂಡು ಬರ್ರಿ ಅಂತಿದ್ದದ್ದು?”

“ಅದೂ ಡಾಕ್ಟ್ರು ಹೇಳಿದ್ದು.”

“ನನ್ನ ಕಂಡ್ರ ಹೇಸಿಗಿ ಬಂದೈತಿ ಅನಕೊಂಡಿದ್ದೆ. ಐದು ವರ್ಷ ಆಕಿ ಕೂಡ ನೆಟ್ಟಗ ಮಾತಾಡ್ಲಿಲ್ಲ ನಾನು.” ಕೈಯಲ್ಲಿದ್ದ ಅರಳೆಯನ್ನು ಕೆಳಗಿಟ್ಟು ಮತ್ತೆ ಕೇಳಿದ, “ಮೊದಲಿನ ಎರಡು ತಿಂಗಳು ಒರಗಿದ್ಲು, ಅಲ್ಲ?”

ನಾನು ನೆಲಕ್ಕೆ ಬಿದ್ದ ಎಳೆಗಳನ್ನು ಹೆಕ್ಕತೊಡಗಿದೆ.

ಅಪ್ಪ ನಾಲ್ಕನೆಯದನ್ನೂ ಬಿಚ್ಚಿ, ಎದ್ದು ನಾಲ್ಕೂ ಲೋಡಿನ ಅರಳೆಯನ್ನು ದುಪ್ಪಟಿಯಲ್ಲಿ ಗಂಟು ಕಟ್ಟಿ ತಿಪ್ಪೆಗೆ ಹೊತ್ತೊಯ್ದು ಸುರಿದು ಬಂದ. ಅವನು ಅರಳೆ ಚೆಲ್ಲಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಂದವನು ಹಿತ್ತಲ ಹಂಡೆಯಿಂದ ನೀರು ತೆಗೆದು ಕೈ ತೊಳೆದ, ಮುಖ ತೊಳೆದ, ಮೀಸೆ, ಹುಬ್ಬುಗಳನ್ನು ಉಜ್ಜಿ ಉಜ್ಜಿ ತೊಳೆದ. ಅಂಗಿ ಬಿಚ್ಚಿ ಕೊಡವಿ ಹೊರಗಿನ ಗೂಟಕ್ಕೆ ಹಾಕಿದ. ಹಗ್ಗದ ಮೇಲಿದ್ದ ಒಗೆದ ಅಂಗಿ ತೊಟ್ಟುಕೊಂಡು, ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಹೋದ. ಒಳಗೆ ಯಾರೂ ಇರಲಿಲ್ಲ.